ಹಳ್ಳದ ಏರಿನ ಬುಡದಲ್ಲಿ ಒಂದೂಕಾಲು ಗಂಟೆ

ಬೆಳಿಗ್ಗೆ ಹತ್ತೂವರೆಯಾದರೆ ಕೈಲಿರುವ ಕೆಲಸ ನಿಲ್ಲುತ್ತದೆ. ನಾನಾಗಿ ನಿಲ್ಲಿಸುವುದಲ್ಲ, ತಾನಾಗಿ ನಿಲ್ಲುತ್ತದೆ. ಪತ್ರಿಕೆ ಓದುತ್ತಿದ್ದರೆ ಸಾಲು ತಪ್ಪುತ್ತದೆ, ಹುರುಳಿಕಾಯಿ ಸೋಸುತ್ತಿದ್ದರೆ ಬೆರಳು ಹಾಗೇ ಉಳಿಯುತ್ತದೆ. ಕಿವಿ ರಸ್ತೆಯ ಕಡೆ ಹೋಗುತ್ತದೆ. ನಮ್ಮ ಮನೆಯ ಮುಂದೆ ಎತ್ತಿನ ಗಾಡಿ ಓಡಾಡುವುದು ನಿಂತು ಎಷ್ಟೋ ಕಾಲವಾಯಿತು. ಆದರೂ ನಾನು ಒಂದು ಗಾಡಿಗೆ ಕಾಯುತ್ತೇನೆ. ಅದು ಬರುವುದಿಲ್ಲ. ಆಮೇಲೆ ಕೆಲಸ ಮುಂದುವರಿಸುತ್ತೇನೆ.

ಆ ಗಾಡಿ ಹೊಡೆಯುತ್ತಿದ್ದ ಹಿರಿಯರೊಬ್ಬರು, ನಾನು ಒಂದು ಕಾಲಂನಲ್ಲಿ ಬರೆದ ಪದದಿಂದಾಗಿ ತಮ್ಮ ಬಲಗಾಲು ಕಳೆದುಕೊಂಡರು. ಇದನ್ನು ಕ್ರಮವಾಗಿಯೇ ಹೇಳಬೇಕು. ಕ್ರಮ ಬಿಟ್ಟರೆ ನನಗೆ ನಾನೇ ರಿಯಾಯಿತಿ ಕೊಟ್ಟುಕೊಳ್ಳುವ ಅಪಾಯವಿದೆ.

ಎಪ್ಪತ್ತರ ದಶಕದ ಮೊದಲ ಭಾಗ. ಡೀಸೆಲ್ ದುಬಾರಿಯಾಗಿ, ಲಾರಿಗಳು ಬಂಕುಗಳ ಮುಂದೆ ಸಾಲಾಗಿ ನಿಲ್ಲುತ್ತಿದ್ದ ಕಾಲ. ಮೈಸೂರಿನ ಒಂದು ಸಂಶೋಧನಾ ಕಚೇರಿ ನಮ್ಮ ಕಡೆಯ ತಾಲ್ಲೂಕುಗಳಲ್ಲಿ ಸರಕು ಹೇಗೆ ಓಡಾಡುತ್ತದೆ ಎಂದು ಅಳೆಯಲು ಹೊರಟಿತ್ತು. ಪಿರಿಯಾಪಟ್ಟಣದ ಹೊಗೆಸೊಪ್ಪು, ಬೈಲಕುಪ್ಪೆಯಲ್ಲಿ ಟಿಬೆಟಿನವರು ಬೆಳೆದ ಮುಸುಕಿನ ಜೋಳ, ಎಚ್.ಡಿ. ಕೋಟೆ ಕಾಡಂಚಿನ ಸೌದೆ, ಎಲ್ಲವೂ ಹುಣಸೂರಿನ ಕಡೆಗೆ ಬರುತ್ತಿದ್ದವು. ಕೆಲವು ಅಲ್ಲಿಂದ ಕೆ.ಆರ್. ನಗರಕ್ಕೆ ಹೋಗಿ ರೈಲು ಹತ್ತುತ್ತಿದ್ದವು. ತುಂಬಿ ಬಂದ ಗಾಡಿಗಳೂ ಲಾರಿಗಳೂ ಖಾಲಿಯಾಗಿ ವಾಪಸು ಹೋಗುತ್ತಿದ್ದವು. ಹೋಗುವಾಗ ಗೊಬ್ಬರವನ್ನೋ ಉಪ್ಪನ್ನೋ ಹಿಂಡಿಯನ್ನೋ ಹೇರಿಕೊಂಡು ಹೋಗುವಂತೆ ಮಾಡಿದರೆ ಅಷ್ಟೇ ಎಣ್ಣೆಯಲ್ಲಿ, ಅಷ್ಟೇ ಎತ್ತುಗಳ ದುಡಿಮೆಯಲ್ಲಿ ಹೆಚ್ಚು ಕೆಲಸವಾಗುತ್ತದೆ. ಹತ್ತಿರದ ದಾರಿ ಗಾಡಿಗೆ, ದೂರದ ದಾರಿ ಲಾರಿಗೆ. ನಮ್ಮ ಸಂಶೋಧನೆಯ ತಿರುಳು ಇಷ್ಟೇ. ಒಳ್ಳೆಯ ವಿಚಾರ. ಈಗಲೂ ಹಾಗೆಯೇ ಹೇಳುತ್ತೇನೆ.

ನಾನು ಅದರ ಕ್ಷೇತ್ರ ಸಹಾಯಕ. ನನ್ನ ತಂದೆ ಕೆ.ಆರ್. ನಗರ ಸ್ಟೇಷನ್ನಿನಲ್ಲಿ ಗೂಡ್ಸ್ ಗುಮಾಸ್ತರಾಗಿದ್ದರು. ನಮ್ಮ ಮನೆಯಲ್ಲಿ ಸ್ನಾನ, ಊಟ, ಪಾಠ ಎಲ್ಲವೂ ರೈಲಿನ ವೇಳೆಗೆ ನಡೆಯುತ್ತಿದ್ದವು. ತಡವಾಗಿ ಬಂದವನಿಗೆ ಊಟ ಇರುತ್ತಿತ್ತು, ಮಾತು ಇರುತ್ತಿರಲಿಲ್ಲ. ಹಾಗೆ ಬೆಳೆದ ಹುಡುಗನಿಗೆ ಕೈಗಡಿಯಾರ, ಸೈಕಲ್ಲು ಮತ್ತು ಕಾಲಂ ಹಾಕಿದ ಪುಸ್ತಕ ಕೊಟ್ಟು ರಸ್ತೆಗೆ ಬಿಟ್ಟರೆ ಏನಾಗುತ್ತದೆ? ಅವನಿಗೆ ತನ್ನ ಕೆಲಸವೆಂದರೆ ಪೂಜೆಯಷ್ಟೇ ನಿಷ್ಠೆ ಬಂದುಬಿಡುತ್ತದೆ.

ಹುಣಸೂರಿನಲ್ಲಿ ಗಾಡಿ ಚಕ್ರಗಳಿಗೆ ಕಬ್ಬಿಣದ ಪಟ್ಟಿ ಹಾಕುವ ಸಾಹೇಬರೊಬ್ಬರ ಅಂಗಡಿಯ ಹಿಂದಿನ ಕೋಣೆ ಬಾಡಿಗೆಗೆ ಹಿಡಿದಿದ್ದೆ. ಏಳೂವರೆಗೆ ಅಲ್ಲಿಂದ ಹೊರಡುವುದು. ಎಚ್.ಡಿ. ಕೋಟೆ ರಸ್ತೆಯಲ್ಲಿ ಒಂದು ಹಳ್ಳ, ಹುಣಸೂರಿನ ಕಡೆ ಬರುವವರಿಗೆ ಹಳ್ಳ ದಾಟಿದ ಕೂಡಲೆ ಒಂದು ಏರು. ಆ ಏರಿನ ಬುಡ ನನ್ನ ಮೊದಲ ಠಾಣೆ. ಹೊಗೆಸೊಪ್ಪು ಬೇಯಿಸುವ ಬ್ಯಾರನ್ನುಗಳಿಗೆ ಸೌದೆ ತರುವ ಗಾಡಿಗಳು ಅಲ್ಲಿ ಸಿಗುತ್ತಿದ್ದವು. ಅವು ಬಂದ ಹೊತ್ತು ಬರೆದುಕೊಂಡು, ಒಂಬತ್ತಕ್ಕೆ ಸರಿಯಾಗಿ ಸೈಕಲ್ ಹತ್ತಿ, ಹುಣಸೂರಿಗೆ ಸಮೀಪದ ಗೋಣಿಮರದ ಕೆಳಗಿನ ಎರಡನೆಯ ಠಾಣೆಗೆ ಹೋಗಬೇಕು. ಅಲ್ಲಿ ಇತರ ಕಡೆಯ ಗಾಡಿಗಳ ಲೆಕ್ಕವೂ ಇತ್ತು. ಒಂಬತ್ತು ಎಂದರೆ ಒಂಬತ್ತು. ಒಂದು ದಿನವೂ ಒಂಬತ್ತೂ ಐದಕ್ಕೆ ಹೊರಟವನಲ್ಲ. ಈ ಮಾತನ್ನು ಬಹಳ ವರ್ಷ ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದೆ.

ಪುಸ್ತಕದಲ್ಲಿ ನಾಲ್ಕು ಕಾಲಂಗಳಿದ್ದವು: ಹೇರುವುದು, ಚಲನೆ, ಇಳಿಸುವುದು, ನಿಲುಗಡೆ. ನಿಲುಗಡೆಯ ಮುಂದೆ ಕಾರಣ ಬರೆಯಬೇಕು. ಕಾರಣ ಇಲ್ಲದಿದ್ದರೆ 'ನಿಷ್ಕಾರಣ' ಎಂದು ಬರೆಯಬೇಕು.

ಕಾಡಂಚಿನ ಒಂದು ಗಿರಿಜನ ಹಾಡಿಯ ಪಕ್ಕದ ಹಳ್ಳಿಯಿಂದ ಐದು ಸೌದೆ ಗಾಡಿಗಳು ಬರುತ್ತಿದ್ದವು. ಮುಂದಿನ ಗಾಡಿ ಒಬ್ಬ ಯಜಮಾನರದು, ಐವತ್ತು ದಾಟಿದ ಗಟ್ಟಿ ಆಳು. ಮೊದಲ ಗಾಡಿ ಬುಡಕ್ಕೆ ಬಂದು ನಿಲ್ಲುತ್ತಿತ್ತು. ಎರಡನೆಯದು ಬಂದು ನಿಲ್ಲುತ್ತಿತ್ತು. ಯಾರೂ ಏರು ಹತ್ತುತ್ತಿರಲಿಲ್ಲ. ಐದನೆಯದು ಬರುವ ಹೊತ್ತಿಗೆ ನನ್ನ ಒಂಬತ್ತು ಗಂಟೆಯಾಗಿ ನಾನು ಹೊರಟಿರುತ್ತಿದ್ದೆ. ಗೋಣಿಮರಕ್ಕೆ ಅವು ತಲುಪಿದ ಹೊತ್ತಿನಿಂದ ಕಳೆದು ನೋಡಿದರೆ ಏರಿನ ಹತ್ತಿರ ದಿನಾ ಒಂದೂಕಾಲು ಗಂಟೆ ಹಾಳಾಗುತ್ತಿತ್ತು.

"ಯಾಕೆ ನಿಂತಿರಿ ಯಜಮಾನ್ರೇ?" ಎಂದು ಮೊದಲ ದಿನವೇ ಕೇಳಿದೆ.

"ಬೀಡಿಗೆ ಕಣ್ ಸಾಮಿ."

"ಎಷ್ಟು ಹೊತ್ತು?"

"ಬೀಡಿ ಎಷ್ಟುದ್ದ ಐತೋ ಅಷ್ಟೊತ್ತು."

ಎರಡನೆಯ ಗಾಡಿಯವನು ನಕ್ಕ. "ಈವಯ್ಯನ ಬೀಡಿ ಉಣಸೂರ್ ಮುಟ್ಟೋಗಂಟ ಆರಕ್ಕಿಲ್ಲ. ಬರ್ಕಳಿ ಸಾಮಿ, ಬರ್ಕಳಿ. ಎತ್ತು ಉಚ್ಚೆ ಉಯ್ದುದ್ನೂ ಬರ್ಕಳಿ."

"ಲೇ, ಸುಮ್ಕಿರ್ಲಾ. ಓದ್ದೋರ ಮುಂದೆ ಅಂಗೆಲ್ಲ ಆಡ್ಬ್ಯಾಡ."

ದಿನವೂ ಹೀಗೆಯೇ. ಒಮ್ಮೆ ಬೀಡಿ, ಒಮ್ಮೆ ಎಲೆಅಡಿಕೆ, ಒಮ್ಮೆ ಯಾರದೋ ಮಾವನ ಮನೆಯ ಕೋಳಿಸಾರಿನ ಕತೆ. ಅವರು ನಗುತ್ತಿದ್ದರು. ನಾನು ನಿಲುಗಡೆಯ ಮುಂದೆ 'ನಿಷ್ಕಾರಣ' ಎಂದು ಬರೆಯುತ್ತಿದ್ದೆ. ನನ್ನ ಅಕ್ಷರ ಚೆನ್ನಾಗಿತ್ತು.

ತಿಂಗಳ ಲೆಕ್ಕ ಮೈಸೂರಿಗೆ ಹೋಯಿತು. ಕಚೇರಿಯ ಮುಖ್ಯಸ್ಥರಾದ ಪ್ರೊಫೆಸರು ಉತ್ತರ ಬರೆದರು. ಐದು ಗಾಡಿಗಳು ಒಟ್ಟಾಗಿ ಹೊರಡುವುದರಿಂದಲೇ ಒಟ್ಟಾಗಿ ನಿಲ್ಲುತ್ತವೆ, ಅರ್ಧ ಗಂಟೆಗೊಂದರಂತೆ ಬಿಟ್ಟು ನೋಡೋಣ ಎಂದು. ಈ ಗಾಡಿಗಳಿಗೆ ಕೆಲಸ ಕೊಡುತ್ತಿದ್ದ ಸೌದೆ ಗುತ್ತಿಗೆದಾರನಿಗೆ ಬಹಳ ಸಂತೋಷವಾಯಿತು. ಗಾಡಿಗೊಂದು ಚೀಟಿ, ಚೀಟಿಯ ಮೇಲೆ ಹೊರಡುವ ಹೊತ್ತು. ತಡವಾದರೆ, ಹೊರೆ ಕಡಿಮೆಯಾದರೆ ಮಾರನೆಯ ದಿನ ಆ ಗಾಡಿಗೆ ಕೆಲಸವಿಲ್ಲ. ಕೊನೆಯ ನಿಯಮ ಗುತ್ತಿಗೆದಾರನದು. ಚೀಟಿ ಬರೆದವನು ನಾನು.

ಚೀಟಿ ಶುರುವಾಗುವ ಹಿಂದಿನ ದಿನ, ಬೆಳಿಗ್ಗೆ ಏಳಕ್ಕೆ, ನಾನು ಒಗೆದ ಬಟ್ಟೆ ಹರವುತ್ತಿದ್ದಾಗ ಯಜಮಾನರು ನನ್ನ ಕೋಣೆಯ ಹತ್ತಿರ ಬಂದರು. ಗಾಡಿ ಇರಲಿಲ್ಲ. ಕತ್ತಲಿರುವಾಗಲೇ ಊರು ಬಿಟ್ಟು ನಡೆದು ಬಂದಿದ್ದರು. ಸಾಹೇಬರು ಆಚೆ ಕುಲುಮೆಗೆ ಇದ್ದಿಲು ಹಾಕುತ್ತಿದ್ದರು.

"ಸಾಮಿ, ನಮ್ ಐದ್ ಗಾಡೀನೂ ಒಟ್ಗೇ ಬುಟ್ಬುಡಿ. ಚೀಟಿ ಬ್ಯಾಡ."

"ಯಾಕೆ? ನಿಮಗೇ ಹೊತ್ತು ಉಳಿಯುತ್ತಲ್ಲ ಯಜಮಾನ್ರೇ."

"ಒತ್ತು ಉಳೀತದೆ. ಆ ಏರೈತಲ್ಲ, ಅದ ಒಂಟಿ ಗಾಡಿ ಏರಕ್ಕಿಲ್ಲ."

"ನಾನು ದಿನಾ ಸೈಕಲ್‌ನಲ್ಲಿ ಹತ್ತುತ್ತೀನಿ."

"ನಿಮ್ ಸೈಕಲ್ ಮ್ಯಾಲೆ ಏನಿರ್ತದೆ?"

"ಈ ಪುಸ್ತಕ."

"ಅದೇಯ ಮತ್ತೆ."

ಸಾಹೇಬರು ಕುಲುಮೆಯ ಕಡೆಯಿಂದ ಜೋರಾಗಿ ನಕ್ಕರು. ನನಗೆ ಸಿಟ್ಟು ಬಂತು.

"ಹಾಗಿದ್ದರೆ ಅಲ್ಲೇ ಹೇಳಬೇಕಾಗಿತ್ತು. ಒಂದು ತಿಂಗಳಿಂದ ದಿನಾ ಕೇಳ್ತಾ ಇದ್ದೀನಿ."

ಯಜಮಾನರು ದನಿ ತಗ್ಗಿಸಿದರು. "ಅಲ್ಲಿ ಏಳಂಗಿಲ್ಲ ಸಾಮಿ. ಎತ್ತು ಕೇಳುಸ್ಕತ್ತವೆ. ಏರಿನ್ ಬುಡ್ದಲ್ಲಿ ನಿಂತ್ಕಂಡು ಏರಿನ್ ಮಾತಾಡುದ್ರೆ ಅವುಕ್ಕೆ ಎದೆ ಒಡ್ದೋಯ್ತದೆ. ಅದ್ಕೇ ನಾವು ಬ್ಯಾರೆ ಏನಾರ ಮಾತಾಡ್ತೀವಿ. ನಿಮ್ಗೆ ಏಳಾನ ಅಂತಲೇ ಇಲ್ಲಿಗಂಟ ಬಂದೆ."

ನಾನು ನಕ್ಕೆ. ಎತ್ತಿಗೆ ಕೇಳಿಸುತ್ತದೆ ಎಂದು ಪ್ರೊಫೆಸರಿಗೆ ಹೇಗೆ ಬರೆಯುವುದು ಎಂಬ ಯೋಚನೆ ಬಂದು ನಗು ಬಂತು. ಒಂಟಿ ಗಾಡಿ ಹತ್ತಲಾರದ ಏರನ್ನು ಐದು ಗಾಡಿಗಳು ಸೇರಿ ಹೇಗೆ ಹತ್ತುತ್ತವೆ? ಕೇಳಬೇಕಾಗಿದ್ದ ಪ್ರಶ್ನೆ ಅದೊಂದೇ. ಅದನ್ನು ನಾನು ಕೇಳಲಿಲ್ಲ.

"ಪ್ರೊಫೆಸರು ತಿಂಗಳ ಕೊನೆಗೆ ಬರ್ತಾರೆ. ಅವರ ಹತ್ತಿರ ಮಾತಾಡ್ತೀನಿ," ಎಂದೆ.

"ಮಳೆ ಅಲ್ಲೀಗಂಟ ತಡೀತದಾ ಸಾಮಿ?"

ಗಡಿಯಾರ ನೋಡಿದೆ. ಏಳೂ ಇಪ್ಪತ್ತು. ಅವರಿಗೆ ಅರ್ಥವಾಯಿತು. ಟವೆಲು ಹೆಗಲಿಗೆ ಹಾಕಿಕೊಂಡು ಹೋದರು.

ಎರಡು ವಾರ ಏನೂ ಆಗಲಿಲ್ಲ. ನೆಲ ಒಣಗಿತ್ತು. ಗಾಡಿಗಳು ಅರ್ಧ ಗಂಟೆಗೊಂದರಂತೆ ಗೋಣಿಮರಕ್ಕೆ ಬಂದವು. ಮೊದಲನೆಯದು, ಯಜಮಾನರದು, ಹತ್ತೂವರೆಗೆ. ನೋಡಿ, ಒಂಟಿ ಗಾಡಿ ಏರಿತಲ್ಲ ಎಂದುಕೊಂಡೆ. ಎತ್ತುಗಳ ಮುಂಗಾಲಿನ ಮಂಡಿ ಕಿತ್ತು ರಕ್ತ ಕಟ್ಟಿದ್ದು ಕಂಡಿತ್ತು. ಮಂಡಿಗೆ ಪುಸ್ತಕದಲ್ಲಿ ಕಾಲಂ ಇರಲಿಲ್ಲ. ಗಾಡಿಯವರು ನನ್ನ ಜೊತೆ ತಮಾಷೆ ಮಾಡುವುದನ್ನು ಬಿಟ್ಟಿದ್ದರು. ಕೆಲಸದಲ್ಲಿ ಶಿಸ್ತು ಬಂತು ಎಂದೇ ತಿಳಿದೆ.

ಆಮೇಲೆ ಒಂದು ಸಂಜೆ ಮೊದಲ ಮಳೆ ಬಿತ್ತು. ಮಾರನೆಯ ಬೆಳಿಗ್ಗೆ ಬಿಸಿಲು ಚೆನ್ನಾಗಿಯೇ ಇತ್ತು. ಆಗ ನಾನು ಏರಿನ ಬುಡದ ಠಾಣೆ ಬಿಟ್ಟು ನೇರವಾಗಿ ಗೋಣಿಮರಕ್ಕೆ ಹೋಗುತ್ತಿದ್ದೆ, ಬುಡದಲ್ಲಿ ಬರೆಯುವಂಥದ್ದು ಏನೂ ಉಳಿದಿರಲಿಲ್ಲವಲ್ಲ. ಗೊಬ್ಬರದ ಮೂಟೆ ತುಂಬಿದ ಲಾರಿಯೊಂದು ಕೋಟೆಯ ಕಡೆ ಹೋಯಿತು. ನಮ್ಮ ಯೋಜನೆಯ ಲಾರಿಯೇ. ಹೊತ್ತು ಗುರುತು ಹಾಕಿಕೊಂಡೆ.

ಹತ್ತೂವರೆಗೆ ಯಜಮಾನರ ಗಾಡಿ ಬರಲಿಲ್ಲ. ಪುಸ್ತಕದಲ್ಲಿ ತಡ ಎಂದು ಬರೆದೆ. ಹನ್ನೊಂದಕ್ಕೆ ಎರಡನೆಯದೂ ಇಲ್ಲ. ಹನ್ನೊಂದೂವರೆಗೆ ಮೂರನೆಯದೂ ಇಲ್ಲ. ಮತ್ತೆ ಎಲ್ಲರೂ ಸೇರಿಕೊಂಡು ಬೀಡಿ ಸೇದುತ್ತಿದ್ದಾರೆ ಎಂದು ಗೊತ್ತಾಗಿಹೋಯಿತು ನನಗೆ. ಮೂರು ಸಾಲಿನ ಮುಂದೆಯೂ 'ನಿಷ್ಕಾರಣ' ಎಂದು ತುಂಬಿದೆ. ಆ ಹಾಳೆ ನನ್ನ ಬಳಿ ಇದೆ. ಅಕ್ಷರ ಎಲ್ಲಿಯೂ ನಡುಗಿಲ್ಲ.

ಅದೇ ಲಾರಿ ಕೋಟೆಯ ಕಡೆಯಿಂದ ತಿರುಗಿ ಬಂತು. ಡ್ರೈವರು ನನ್ನನ್ನು ಕಂಡು ನಿಲ್ಲಿಸಿದ.

"ಸಾರ್, ನಿಮ್ಮ ಸೌದೆ ಗಾಡಿಯೋರು. ಕಾಲ್ ಮ್ಯಾಲೆ ಚಕ್ರ ಅತ್ಬುಟ್ಟೈತೆ. ಜಾಗ ಮಾಡಕ್ಕೆ ಒಂದಷ್ಟು ಮೂಟೆ ಅಲ್ಲೇ ಕೆಡುಗ್ದೊ. ಆಸ್ಪತ್ರೆಗೆ ಓಯ್ತಾ ಇದೀವಿ."

ಹಿಂದಿನ ಹಲಗೆ ಹಿಡಿದು ಹತ್ತಿ ನೋಡಿದೆ. ಗೊಬ್ಬರದ ಮೂಟೆಗಳ ನಡುವೆ ಯಜಮಾನರು ಮಲಗಿದ್ದರು. ಕಂಬಳಿ ಹೊದಿಸಿದ್ದರು. ಕ್ಲೀನರು ಅವರ ತಲೆ ತೊಡೆಯ ಮೇಲೆ ಇಟ್ಟುಕೊಂಡಿದ್ದ. ಅವರು ಕಣ್ಣು ಬಿಟ್ಟು ನನ್ನ ಗುರುತು ಹಿಡಿದರು.

"ಒತ್ತು ಮೀರೋಯ್ತಾ ಸಾಮಿ?" ಎಂದರು.

ಲಾರಿಯಲ್ಲೇ ಹೋಗಬಹುದಾಗಿತ್ತು. ಇಳಿದೆ. ಲಾರಿ ಹೋಯಿತು. ಆ ಮಾತಿಗೆ ಆಮೇಲೆ ಎಷ್ಟೋ ಉತ್ತರಗಳನ್ನು ಜೋಡಿಸಿದ್ದೇನೆ. ಬಚ್ಚಲಲ್ಲಿ, ಬಸ್ಸಿನಲ್ಲಿ, ಮಗಳ ಮದುವೆಯ ದಿನ ಚಪ್ಪರದ ಕೆಳಗೆ. ಒಂದೂ ಸರಿಹೊಂದಿಲ್ಲ.

ಸೈಕಲ್ ತುಳಿದು ಏರಿಗೆ ಬಂದೆ. ಕೆಂಪು ಮಣ್ಣು ಸಾಬೂನಿನಂತೆ ಆಗಿತ್ತು. ನಡೆದದ್ದು ಅಲ್ಲಿನ ಗುರುತುಗಳಲ್ಲೇ ಇತ್ತು. ಅರ್ಧ ಏರಿನಲ್ಲಿ ಎತ್ತುಗಳು ಜಾರಿ ಮಂಡಿಯೂರಿದ್ದವು. ಗಾಡಿ ಹಿಂದಕ್ಕೆ ಸರಿಯತೊಡಗಿತ್ತು. ಯಜಮಾನರು ಹಾರಿ ಇಳಿದು ಚಕ್ರದ ಹಿಂದೆ ಕಲ್ಲು ಕೊಡಲು ಹೋಗಿದ್ದರು. ಕಲ್ಲು ಕೊಡುವುದು ಹಿಂದೆ ನಡೆಯುವವನ ಕೆಲಸ. ಅವತ್ತು ಹಿಂದೆ ಯಾರೂ ಇರಲಿಲ್ಲ. ಗಾಡಿ ಹಳ್ಳದ ಪಕ್ಕಕ್ಕೆ ಉರುಳಿತ್ತು. ಎಡಗಡೆಯ ಎತ್ತು ನೊಗದ ಹಗ್ಗಕ್ಕೆ ಕುತ್ತಿಗೆ ಸಿಕ್ಕಿ ಸತ್ತಿತ್ತು. ಬಲಗಡೆಯದು ಅದರ ಪಕ್ಕ ನಿಂತಿತ್ತು, ಯಾರು ಎಳೆದರೂ ಕದಲುತ್ತಿರಲಿಲ್ಲ.

ಉಳಿದ ನಾಲ್ಕು ಗಾಡಿಗಳು ಬುಡದಲ್ಲಿ ನಿಂತಿದ್ದವು. ಯಾರೂ ನನ್ನನ್ನು ಬಯ್ಯಲಿಲ್ಲ. ಎರಡನೆಯ ಗಾಡಿಯವನು ಎದ್ದು ತನ್ನ ಎತ್ತುಗಳನ್ನು ಬಿಚ್ಚಿ ಮೂರನೆಯ ಗಾಡಿಯ ಎತ್ತುಗಳ ಮುಂದೆ ಕಟ್ಟಿದ. ಎರಡು ಜೋಡಿ. ಒಬ್ಬ ಮುಂದೆ ಹಗ್ಗ ಹಿಡಿದ, ಇಬ್ಬರು ಹಿಂದೆ ಕಲ್ಲು ಹಿಡಿದು ನಡೆದರು. ಹತ್ತು ಹೆಜ್ಜೆ ಏರುವುದು, ಚಕ್ರದ ಹಿಂದೆ ಕಲ್ಲು, ಎತ್ತುಗಳಿಗೆ ಉಸಿರು. ಮತ್ತೆ ಹತ್ತು ಹೆಜ್ಜೆ. ಮೇಲೆ ಮುಟ್ಟಿದ ಮೇಲೆ ಎತ್ತುಗಳನ್ನು ಬಿಚ್ಚಿಕೊಂಡು ಮತ್ತೆ ಕೆಳಗೆ ತಂದರು, ಮುಂದಿನ ಗಾಡಿಗೆ. ನಾನು ಸೈಕಲ್ ಹಿಡಿದುಕೊಂಡು ನಿಂತು ನೋಡಿದೆ. ಎಲ್ಲ ಗಾಡಿಗಳೂ ಮೇಲೆ ಹೋಗಲು ಎಷ್ಟು ಹೊತ್ತು ಹಿಡಿಯಿತೆಂದು ಗಡಿಯಾರ ನೋಡುವ ಅಗತ್ಯವಿರಲಿಲ್ಲ. ಒಂದು ತಿಂಗಳಿಂದ ಬರೆದಿದ್ದೆನಲ್ಲ.

ಮುರಿದ ಚಕ್ರ ಸಾಹೇಬರ ಅಂಗಡಿಗೆ ಬಂತು. ಅಂಗಡಿಯಲ್ಲಿ ಜಾಗವಿಲ್ಲವೆಂದು ಅದನ್ನು ನನ್ನ ಬಾಗಿಲ ಪಕ್ಕದ ಗೋಡೆಗೆ ಒರಗಿಸಿದ್ದರು. ಪಟ್ಟಿ ಬಿಚ್ಚಿಕೊಂಡಿತ್ತು, ಮರದ ಸಂದಿನಲ್ಲಿ ಕೆಂಪು ಮಣ್ಣು ಒಣಗಿತ್ತು. ಬೆಳಿಗ್ಗೆ ಬಾಗಿಲು ತೆಗೆದರೆ ಮೊದಲು ಕಾಣುತ್ತಿದ್ದುದು ಅದೇ.

"ಇದು ಇಲ್ಲೇ ಇರಬೇಕಾ ಸಾಹೇಬರೇ?" ಎಂದು ಒಂದು ದಿನ ಕೇಳಿಬಿಟ್ಟೆ.

"ಯಾರೂ ಕೇಳ್ಕೊಂಡು ಬಂದಿಲ್ಲ ಸಾರ್. ಅವರ ಕಾಲು ತೆಗೆದುಬಿಟ್ರಂತೆ ಆಸ್ಪತ್ರೇಲಿ. ಇನ್ನ ಚಕ್ರ ಯಾರಿಗೆ ಬೇಕು?" ಅವರು ನನ್ನ ಮುಖ ನೋಡದೆ ಸುತ್ತಿಗೆ ಕೈಗೆತ್ತಿಕೊಂಡರು. "ಅವತ್ತು ನಾನೂ ನಕ್ಕೆ ಸಾರ್. ಅವರ ಮಾತು ಚೆನ್ನಾಗಿತ್ತು ಅಂತ ನಕ್ಕೆ. ನೀವು ಯಾಕೆ ನಕ್ಕಿರಿ?"

ಮರುದಿನದಿಂದ ನಾನು ಏಳೂವರೆಗೆ ಹೊರಟು ಏರಿನ ಬುಡಕ್ಕೇ ಹೋದೆ. ಚೀಟಿ ಬರೆಯುವುದನ್ನು ನಿಲ್ಲಿಸಿದೆ. ಗುತ್ತಿಗೆದಾರ ಕೂಗಾಡಿದ, ಕೂಗಾಡಲಿ ಎಂದು ಬಿಟ್ಟೆ. ಗಾಡಿಗಳು ನಾಲ್ಕೇ ಇದ್ದವು, ಹಿಂದೆ ಕಲ್ಲು ಹಿಡಿಯಲು ಒಬ್ಬ ಕಡಿಮೆಯಾಗಿದ್ದ. ಆ ಕಲ್ಲು ನಾನು ಹಿಡಿದೆ. ಯಾರೂ ಬೇಡ ಎನ್ನಲಿಲ್ಲ, ಬಾ ಎಂದೂ ಅನ್ನಲಿಲ್ಲ. ಮೂರನೆಯ ದಿನ ಎರಡನೆಯ ಗಾಡಿಯವನು, "ಕಲ್ಲ ಅಂಗ್ ಇಡೀಬ್ಯಾಡಿ ಸಾಮಿ, ಬೆರಳು ಓಯ್ತವೆ," ಎಂದು ಹಿಡಿಯುವ ರೀತಿ ತೋರಿಸಿಕೊಟ್ಟ. ಬುಡದಲ್ಲಿ ಎಲ್ಲರೂ ಕಾಯುವಾಗ ನಾಲ್ಕನೆಯ ಗಾಡಿ ಬಂದ ಮೇಲೂ ಅವರು ಸ್ವಲ್ಪ ಹೊತ್ತು ರಸ್ತೆಯ ಕಡೆ ನೋಡುತ್ತಿದ್ದರು. ಎತ್ತುಗಳೂ ಕಿವಿ ನಿಗುರಿಸಿ ನಿಲ್ಲುತ್ತಿದ್ದವು. ಆಮೇಲೆ ಯಾರಾದರೊಬ್ಬರು ಕೆಮ್ಮಿ ಏಳುತ್ತಿದ್ದರು. ಏರಿನ ಮಾತನ್ನೂ, ಯಜಮಾನರ ಮಾತನ್ನೂ ಅಲ್ಲಿ ಯಾರೂ ಎತ್ತಲಿಲ್ಲ. ನಾನೂ ಎತ್ತಲಿಲ್ಲ.

ತಿಂಗಳ ಕೊನೆಗೆ ಪ್ರೊಫೆಸರು ಜೀಪಿನಲ್ಲಿ ಬಂದರು. ಪುಸ್ತಕ ತೆರೆದರು.

"ಇದೇನಿದು, ಹತ್ತು ದಿನದಿಂದ ಖಾಲಿ? ನೀವು ಹುಷಾರಾಗಿದ್ದೀರಾ?"

ಎಲ್ಲ ಹೇಳಿದೆ. ಅವರು ಒಳ್ಳೆಯ ಮನುಷ್ಯ. ಮಾರನೆಯ ಬೆಳಿಗ್ಗೆ ಬೂಟು ಕಳಚಿಟ್ಟು ಒಂದು ಗಾಡಿಯ ಹಿಂದೆ ಕೆಳಗಿನಿಂದ ಮೇಲಿನವರೆಗೆ ನಡೆದರು. ಮೇಲೆ ಹೋಗಿ ಏದುಸಿರು ಬಿಡುತ್ತಾ, "ನಾವು ಕಾಲಂ ಹಾಕಿದ್ದೇ ತಪ್ಪು," ಎಂದರು. ನಾವು ಎಂದು ಅವರು ದೊಡ್ಡ ಮನಸ್ಸಿನಿಂದ ಅಂದದ್ದು. ಅದರಲ್ಲಿ ನನ್ನ ಪಾಲು ಎಷ್ಟೆಂದು ಅವರು ವಿಂಗಡಿಸಲಿಲ್ಲ.

ವರದಿ ಅಚ್ಚಾಯಿತು. ವಾಪಸು ಹೊರೆಯ ಅಧ್ಯಾಯ ಬಹಳ ಚೆನ್ನಾಗಿತ್ತು. ಗಾಡಿಗಳ ಅಧ್ಯಾಯದಲ್ಲಿ ಒಂದು ಸಾಲು ಸೇರಿತ್ತು. ಏರು ಇರುವ ದಾರಿಗಳಲ್ಲಿ ಗಾಡಿಗಳನ್ನು ಗುಂಪಾಗಿಯೇ ಬಿಡಬೇಕು, ಆ ಕಾಯುವಿಕೆ ಕೆಲಸದ ಭಾಗ ಎಂದು. ಒಂದು ಪ್ರತಿ ತೆಗೆದುಕೊಂಡು, ಕೋಟೆಯ ಹತ್ತಿರದ ಹ್ಯಾಂಡ್‌ಪೋಸ್ಟಿಗೆ ಹೋಗುವ ಬಸ್ಸಿನಲ್ಲಿ ನಡುದಾರಿಗೆ ಇಳಿದು, ಯಜಮಾನರ ಹಳ್ಳಿಗೆ ನಡೆದೆ.

ಅವರು ಜಗಲಿಯ ಮೇಲೆ ಕುಳಿತು ಬಿದಿರು ಸೀಳುತ್ತಿದ್ದರು. ಬಲಗಾಲು ಮಂಡಿಗಿಂತ ಮೇಲೆಯೇ ಮುಗಿದಿತ್ತು. ಉಳಿದ ಎತ್ತನ್ನು ಅಣ್ಣನ ಮಗನಿಗೆ ಕೊಟ್ಟುಬಿಟ್ಟಿದ್ದರು. ಅವರ ಹೆಂಡತಿ ಚಾಪೆ ಹಾಸಿದರು.

"ಬನ್ನಿ ಸಾಮಿ, ಕುಂತ್ಕಳಿ. ಏನಿದು, ಪುಸ್ತಕ?"

"ನಿಮ್ಮ ಏರಿನ ವಿಷಯ ಬಂದಿದೆ."

"ಓದಿ ಮತ್ತೆ."

ಅದು ಇಂಗ್ಲಿಷಿನಲ್ಲಿತ್ತು. ಕನ್ನಡಕ್ಕೆ ತಿರುಗಿಸಿ ನಿಧಾನವಾಗಿ ಓದಿದೆ. ಅವರು ಮಚ್ಚು ಪಕ್ಕಕ್ಕಿಟ್ಟು ಕೇಳಿದರು. ಇನ್ನೊಂದು ಸಲ ಓದಿಸಿದರು.

"ಸರ್ಯಾಗೈತೆ," ಎಂದರು. "ಇದ ಯಾರ್ ಏಳುದ್ರು ಅಂತ ಬರ್ದವ್ರೆ?"

"ಹಾಗೆ ಬರೆಯುವ ಪದ್ಧತಿ ಇಲ್ಲ. ಸಮೀಕ್ಷೆಯಿಂದ ತಿಳಿದುಬಂದಿದೆ ಅಂತ ಇದೆ."

"ನಾನ್ ನಿಮ್ ರೂಮ್ತಾವ ಬಂದಿದ್ದು?"

"ಅದು ಇಲ್ಲ."

ಅವರು ಬಿದಿರಿನ ಸಿಬಿರನ್ನು ಬೆರಳಿನಿಂದ ಸವರುತ್ತಾ ಇದ್ದರು. ಒಳಗೆ ಹೆಂಡತಿ ಪಾತ್ರೆ ಸರಿಸುವುದನ್ನು ನಿಲ್ಲಿಸಿದ್ದು ಗೊತ್ತಾಯಿತು.

"ಅಂಗಾರೆ ನಾನು ಏಳ್ನೇ ಇಲ್ಲ ಅಂತಾಯ್ತು."

"ಹೇಳಿದ್ದಿರಿ, ಯಜಮಾನ್ರೇ."

"ಯಾರ್ ಕೇಳುಸ್ಕಂಡ್ರು?"

"ನಾನು," ಎಂದೆ.

ಅವರು ತಲೆಯಾಡಿಸಿದರು. ಬಾಗಿಲ ಕಡೆ ತಿರುಗಿ, ಒಳಗಿದ್ದವರಿಗೆ ಕೇಳುವಂತೆ, "ಕೇಳುಸ್ಕಂಡಿದ್ರಂತೆ ಕಣಮ್ಮಿ," ಎಂದು ಹೇಳಿ, ಮತ್ತೆ ಮಚ್ಚು ಕೈಗೆ ತೆಗೆದುಕೊಂಡರು.